ಗಾಯದ ಕಲೆಯ ಫೋಟೊ ವರ್ಷ ಕಳೆದ ಮೇಲೆ ತೆಗೆಯಲಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ವಾರದ ಪುರವಣಿಯಲ್ಲಿ ಸ್ತನದ ಸೌಂದರ್ಯ ಶಸ್ತ್ರಚಿಕಿತ್ಸೆಯ ಬಗ್ಗೆ ಅರ್ಧ ಪುಟದ ಬರಹ ಬಂದಿತ್ತು. ಲೇಖನವೋ ಜಾಹೀರಾತೋ ಗೊತ್ತಾಗದ ಹಾಗೆ ಇತ್ತು, ಅದು ಬೇರೆ ಮಾತು. ಗಾತ್ರ ಹೆಚ್ಚಿಸುವುದು, ಕಡಿಮೆ ಮಾಡುವುದು, ಜೋತು ಬಿದ್ದದ್ದನ್ನು ಎತ್ತುವುದು, ಎಲ್ಲದರ ವಿವರವೂ ಇತ್ತು. ಕೊನೆಗೆ ಒಂದು ಸಾಲು: ಕಲೆ ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ. ಆ ಒಂದು ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸುವುದಾದರೆ ಬೇರೆ ಎಲ್ಲಾದರೂ ಕತ್ತರಿಸಿ, ಉಬ್ಬಿದ ಕಲೆಗೆ ಕೊಡುವ ಇಂಜೆಕ್ಷನ್ ವಿಷಯ ಮಾತ್ರ ಬಿಡಬೇಡಿ.

ನಾನು ಮಂಗಳೂರಿನ ಒಂದು ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿ ಕುಂಬಳೆ ಕಡೆ ಮನೆಯಲ್ಲಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಉಬ್ಬಿದ ಕಲೆಗಳನ್ನು ತೋರಿಸಲು ಬಂದವರಿಗೆ ಪರದೆ ಎಳೆದು, ಬಟ್ಟೆ ಸರಿಸಿ, ಕೈ ಹಿಡಿದು ನಿಂತವಳು. ಕಾಸರಗೋಡು, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಬರುವವರು ನನ್ನ ಮಾತಿನಿಂದಲೇ ಊರು ಗುರುತು ಹಿಡಿದು, ಡಾಕ್ಟರ ಹತ್ತಿರ ಹೇಳಲಾಗದ್ದನ್ನು ನನ್ನ ಹತ್ತಿರ ಹೇಳುತ್ತಿದ್ದರು.

ಮೊದಲಿಗೆ ಒಂದು ಸ್ಪಷ್ಟ ಮಾಡಿಬಿಡುತ್ತೇನೆ. ಈ ಸರ್ಜರಿ ಮಾಡಿಸಿಕೊಳ್ಳುವವರನ್ನು ಬೈಯಲು ನಾನು ಬರೆಯುತ್ತಿಲ್ಲ. "ದೇವರು ಕೊಟ್ಟದ್ದು ಸಾಲದಾ" ಅಂತ ಕೇಳುವವರು ಊರಲ್ಲಿ ಬೇಕಾದಷ್ಟು ಇದ್ದಾರೆ, ಆ ಪಟ್ಟಿಗೆ ನಾನು ಬೇಡ. ಭಾರಕ್ಕೆ ಬೆನ್ನು, ಕುತ್ತಿಗೆ ನೋಯುವವರು, ಬ್ರಾ ಪಟ್ಟಿ ಒತ್ತಿ ಒತ್ತಿ ಹೆಗಲಲ್ಲಿ ಕಾಯಂ ಗೀರು ಬಿದ್ದವರು, ನಮ್ಮ ಕರಾವಳಿಯ ಬೆವರಿಗೆ ಸ್ತನದ ಅಡಿಯಲ್ಲಿ ವರ್ಷವಿಡೀ ಚರ್ಮ ಕೆಂಪಾಗಿ ಉರಿಯುವವರು, ಇವರಿಗೆ ಗಾತ್ರ ಕಡಿಮೆ ಮಾಡಿಸುವುದು ಶೋಕಿ ಅಲ್ಲ. ಹೆಚ್ಚಿಸಿಕೊಳ್ಳುವವರಿಗೂ ಅವರದ್ದೇ ಕಾರಣ ಇರುತ್ತದೆ, ನಾವು ಕೇಳಬೇಕಾಗಿಲ್ಲ. ನನ್ನ ತಕರಾರು ಒಂದೇ. ಕಲೆ ಉಬ್ಬುವ ಸಾಧ್ಯತೆ ನಮ್ಮಂಥ ಚರ್ಮದವರಿಗೆ ದೂರದ ಮಾತಲ್ಲ, ಅದನ್ನು ಕೊಯ್ಯುವ ಮೊದಲೇ ಹೇಳಬೇಕು, ಆಮೇಲೆ ಒಂದು ವರ್ಷ ನೋಡಿಕೊಳ್ಳಬೇಕು. ಎರಡೂ ಆಗುತ್ತಿಲ್ಲ.

ಕಲೆ ಮಾಯವಾಗುವುದು ಅಂತ ಒಂದಿಲ್ಲ. ಚರ್ಮದ ಪೂರ್ತಿ ದಪ್ಪಕ್ಕೆ ಚಾಕು ಹೋದರೆ ಕಲೆ ಉಳಿದೇ ಉಳಿಯುತ್ತದೆ. ಒಳ್ಳೆಯ ಸರ್ಜನ್ ಅದನ್ನು ಕಾಣದ ಜಾಗದಲ್ಲಿ ಇಡುತ್ತಾರೆ, ತೆಳುವಾಗಿ ಬರುವ ಹಾಗೆ ಹೊಲಿಯುತ್ತಾರೆ, ಅಷ್ಟೇ. ಆಮೇಲಿನದ್ದು ಚರ್ಮದ ಕೈಯಲ್ಲಿದೆ. ಗಾಯ ಮುಚ್ಚಲು ದೇಹ ಕೊಲಾಜೆನ್ ಎಂಬ ನಾರು ತಯಾರಿಸುತ್ತದೆ. ಗಾಯ ಮುಚ್ಚಿದ ಮೇಲೆ ಅದು ನಿಲ್ಲಬೇಕು. ಕೆಲವರಲ್ಲಿ ನಿಲ್ಲುವುದಿಲ್ಲ, ಗೋಡೆ ಕಟ್ಟಿ ಮುಗಿದ ಮೇಲೂ ಸಿಮೆಂಟು ಮೆತ್ತುತ್ತಲೇ ಇರುವ ಮೇಸ್ತ್ರಿಯ ಹಾಗೆ. ಆಗ ಗೀರು ದಪ್ಪವಾಗಿ, ಗಟ್ಟಿಯಾಗಿ, ಕೆಂಪೋ ನೇರಳೆಯೋ ಬಣ್ಣಕ್ಕೆ ತಿರುಗಿ ಮೇಲೆ ಏಳುತ್ತದೆ.

ಇದರಲ್ಲಿ ಎರಡು ಬಗೆ ಉಂಟು, ಇವೆರಡನ್ನೂ ಒಂದೇ ಅಂದುಕೊಂಡು ಜನ ಒಂದೋ ಸುಮ್ಮನೆ ಹೆದರುತ್ತಾರೆ, ಇಲ್ಲವೇ ಹೆದರಬೇಕಾದಲ್ಲಿ ಸುಮ್ಮನಿರುತ್ತಾರೆ. ಒಂದು, ಹೈಪರ್‌ಟ್ರಾಫಿಕ್ ಕಲೆ. ಕೊಯ್ದ ಗೀರಿನ ಗಡಿಯೊಳಗೇ ಉಬ್ಬುತ್ತದೆ, ಹೊರಗೆ ಹೋಗುವುದಿಲ್ಲ. ಸಾಮಾನ್ಯವಾಗಿ 4ರಿಂದ 8 ವಾರಕ್ಕೆ ಶುರುವಾಗಿ ಸುಮಾರು 6 ತಿಂಗಳವರೆಗೆ ಬೆಳೆದು ಆಮೇಲೆ ನಿಧಾನಕ್ಕೆ ತಗ್ಗುವುದು ಜಾಸ್ತಿ. ಸ್ತನದ ಸರ್ಜರಿ ಆದವರಲ್ಲಿ ಹೆಚ್ಚು ಕಾಣುವುದು ಇದೇ. ಇನ್ನೊಂದು ಕೀಲಾಯ್ಡ್. ಇದು ಗಡಿ ದಾಟುತ್ತದೆ, ಪಕ್ಕದ ಒಳ್ಳೆಯ ಚರ್ಮಕ್ಕೂ ಕಾಲು ಚಾಚುತ್ತದೆ. ತಿಂಗಳುಗಳ ನಂತರ ಬರಬಹುದು, ವರ್ಷ ಕಳೆದ ಮೇಲೂ ಬರಬಹುದು. ತಾನಾಗಿಯೇ ಕರಗುವ ಜಾತಿ ಅಲ್ಲ. ತುರಿಕೆ, ಚುಚ್ಚುವ ನೋವು ಎರಡರಲ್ಲೂ ಇರುತ್ತದೆ, ಕೀಲಾಯ್ಡಿನಲ್ಲಿ ಜಾಸ್ತಿ.

ಈಗ ದಿನಗಳ ಲೆಕ್ಕ ನೋಡಿ. ಹೊಲಿಗೆ ಬಿಚ್ಚುವುದು ಒಂದೆರಡು ವಾರಕ್ಕೆ, ಕರಗುವ ಹೊಲಿಗೆ ಆದರೆ ಅದೂ ಇಲ್ಲ. ಆ ಹೊತ್ತಿಗೆ ಗೀರು ಪೆನ್ಸಿಲಿನಲ್ಲಿ ಎಳೆದಷ್ಟು ತೆಳು. ಡಾಕ್ಟರಿಗೂ ಖುಷಿ, ಇವಳಿಗೂ ಖುಷಿ, ಫೋಟೊ ತೆಗೆಯುತ್ತಾರೆ, "ಇನ್ನು ಬರಬೇಕಾಗಿಲ್ಲ" ಅಂತ ಹೇಳುತ್ತಾರೆ. ಉಬ್ಬುವ ಕಲೆ ತಲೆ ಎತ್ತುವುದೇ ಅದರ ನಂತರ! ಕಲೆ ಪೂರ್ತಿ ಮಾಗಿ, ಬಣ್ಣ ಇಳಿದು, ಮೆತ್ತಗಾಗಿ ಇನ್ನು ಹೀಗೆಯೇ ಇರುತ್ತದೆ ಅನ್ನುವ ಹಂತಕ್ಕೆ ಬರಲು 12ರಿಂದ 18 ತಿಂಗಳು ಬೇಕು. ಪ್ಯಾಕೇಜ್ ದರದಲ್ಲಿ ಈ 18 ತಿಂಗಳು ಎಲ್ಲಿದೆ?

ಜಾಹೀರಾತಿನ ಫೋಟೊಗಳನ್ನು ಇನ್ನೊಮ್ಮೆ ನೋಡಿ, ಈ ಸಲ ಕಲೆ ಹುಡುಕಿ ನೋಡಿ. ನೇರ ನಿಂತು, ಕೈ ಕೆಳಗೆ ಬಿಟ್ಟು ತೆಗೆದ ಫೋಟೊ. ಹಾಗೆ ನಿಂತಾಗ ಸ್ತನದ ಅಡಿಯ ಮಡಿಕೆಯಲ್ಲಿರುವ ಗೀರು ಕಾಣುವುದೇ ಇಲ್ಲ. ಗಾತ್ರ ಹೆಚ್ಚಿಸುವಾಗ ಸಿಲಿಕೋನ್ ಇಂಪ್ಲಾಂಟ್ ಎಂಬ ಚೀಲ ಒಳಗೆ ಹಾಕಲು ಆ ಮಡಿಕೆಯಲ್ಲೇ ಒಂದು ನಾಲ್ಕೈದು ಸೆಂಟಿಮೀಟರ್ ಕೊಯ್ಯುವುದು ಮಾಮೂಲು. ಕೆಲವರು ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲಿ, ಕೆಲವರು ಕಂಕುಳಲ್ಲಿ ಕೊಯ್ಯುತ್ತಾರೆ. ಕಡಿಮೆ ಮಾಡುವುದಕ್ಕೂ ಎತ್ತಿ ಕಟ್ಟುವುದಕ್ಕೂ ಗೀರು ಇನ್ನೂ ಜಾಸ್ತಿ: ವೃತ್ತದ ಸುತ್ತ ಒಂದು, ಅಲ್ಲಿಂದ ಕೆಳಗೆ ನೇರ ಒಂದು, ದೊಡ್ಡ ಗಾತ್ರ ಆದರೆ ಅಡಿಯ ಮಡಿಕೆಯ ಉದ್ದಕ್ಕೂ ಇನ್ನೊಂದು. ಹಡಗಿನ ಲಂಗರಿನ ಆಕಾರ ಅಂತ ಡಾಕ್ಟರುಗಳೇ ಹೇಳುತ್ತಾರೆ. ಕೈ ಮೇಲೆತ್ತಿಸಿ ತೆಗೆದ ಫೋಟೊ ಕೇಳಿ, ವರ್ಷ ಕಳೆದ ಮೇಲಿನದ್ದು ಕೇಳಿ. ನಮ್ಮಂಥ ಬಣ್ಣದ ಚರ್ಮದ್ದು ಕೇಳಿ, ಬಿಳಿಯರ ದೇಶದ ಫೋಟೊ ನಮಗೆ ಲೆಕ್ಕಕ್ಕಿಲ್ಲ. ಕೊಡುವ ಡಾಕ್ಟರುಗಳು ಇದ್ದಾರೆ, ಅಂಥವರು ಕೇಳಿದ್ದಕ್ಕೆ ಬೇಸರ ಮಾಡುವುದಿಲ್ಲ.

ಅಡಿಯ ಗೀರು ಎದೆಯ ನಡುವಿನ ಮೂಳೆಯ ಕಡೆಗೆ ಹೋಗಿ ಮುಗಿಯುವ ತುದಿ ಉಂಟಲ್ಲ, ಅಲ್ಲಿ ನಿಮ್ಮ ಬೆರಳಿಟ್ಟು ನೋಡಿ. ಮೂಳೆಯ ಮೇಲೆ ತೆಳು ಚರ್ಮ, ಉಸಿರಾಡಿದರೆ ಎಳೆಯುತ್ತದೆ, ಕೈ ಎತ್ತಿದರೆ ಎಳೆಯುತ್ತದೆ, ಸ್ತನದ ಭಾರವೂ ಎಳೆಯುತ್ತದೆ. ಎಳೆತ ಎಲ್ಲಿ ಜಾಸ್ತಿಯೋ ಅಲ್ಲಿ ಕಲೆ ಉಬ್ಬುವುದು ಜಾಸ್ತಿ. ಕೀಲಾಯ್ಡ್ ಬರುವ ಜಾಗಗಳನ್ನು ಹೇಳುವಾಗ ಎದೆಯ ನಡು, ಹೆಗಲು, ಬೆನ್ನಿನ ಮೇಲ್ಭಾಗ, ಕಿವಿಯ ಹಾಲೆ, ದವಡೆ ಅಂತಲೇ ಹೇಳುವುದು. ಹಾಗಾಗಿ ಗೊತ್ತಿರುವ ಸರ್ಜನ್ ಆ ಗೀರನ್ನು ಎದೆಯ ನಡುವಿನವರೆಗೆ ಎಳೆಯುವುದಿಲ್ಲ, ಮೊದಲೇ ನಿಲ್ಲಿಸುತ್ತಾರೆ. ಪೆನ್ನಿನಲ್ಲಿ ಗುರುತು ಹಾಕುವಾಗಲೇ ಕೇಳಿ, ಈ ಗೆರೆ ಎಲ್ಲಿಗೆ ನಿಲ್ಲುತ್ತದೆ ಅಂತ. ನಾಚಿಕೆ ಬೇಡ, ಚರ್ಮ ನಿಮ್ಮದು.

ಇನ್ನು ಯಾರಿಗೆ ಬರುತ್ತದೆ? ಖಾತ್ರಿಯಾಗಿ ಹೇಳುವ ರಕ್ತಪರೀಕ್ಷೆ ಯಾವುದೂ ಇಲ್ಲ. ಆದರೆ ಸುಳಿವು ನಮ್ಮ ಮೈಮೇಲೆಯೇ ಇರುತ್ತದೆ. ಎಡಗೈಯ ತೋಳು ನೋಡಿಕೊಳ್ಳಿ, ಹುಟ್ಟಿದಾಗ ಕೊಟ್ಟ ಬಿಸಿಜಿ ಚುಚ್ಚುಮದ್ದಿನ ಗುರುತು. ಹೆಚ್ಚಿನವರಿಗೆ ಅದು ಸಣ್ಣ ಕುಳಿ. ನಿಮ್ಮದು ಕುಳಿ ಬಿದ್ದಿಲ್ಲ, ಗುಂಡಿಯ ಹಾಗೆ ಎದ್ದು ನಿಂತು ಹೊಳೆಯುತ್ತಿದೆಯಾ? ಡಾಕ್ಟರಿಗೆ ತೋರಿಸಿ. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬಂದಿತ್ತಾ, ಎರಡನೇ ತೂತು, ಮೂರನೇ ತೂತು ಅಂತ ಫ್ಯಾಷನ್ನಿಗೆ ಚುಚ್ಚಿಸಿದವರು ಇದನ್ನು ಮರೆತಿರುತ್ತಾರೆ. ಸಿಸೇರಿಯನ್ ಗೀರು ಹೇಗಿದೆ? ಬೆನ್ನಿನ ಮೇಲೆ ಮೊಡವೆ ಒಣಗಿದ ಜಾಗ ಗಟ್ಟಿಯಾಗಿ ಉಳಿದಿದೆಯಾ? ಅಮ್ಮನಿಗೆ, ಅಜ್ಜಿಗೆ, ಅಣ್ಣತಮ್ಮಂದಿರಿಗೆ ಇತ್ತಾ? ಮನೆತನದಲ್ಲಿ ಬರುವುದು ಹೌದು. ಕಪ್ಪು, ಕಂದು ಚರ್ಮದವರಲ್ಲಿ ಬಿಳಿ ಚರ್ಮದವರಿಗಿಂತ ತುಂಬ ಜಾಸ್ತಿ. ವಯಸ್ಸಿನಲ್ಲಿ 10ರಿಂದ 30ರ ನಡುವೆ ಜಾಸ್ತಿ, ಸೌಂದರ್ಯದ ಸರ್ಜರಿಗೆ ಹುಡುಗಿಯರು ಹೊರಡುವುದೂ ಹೆಚ್ಚುಕಡಿಮೆ ಅದೇ ವಯಸ್ಸಲ್ಲಿ. ಬಸುರಿಯಾದಾಗ ಇದ್ದ ಕೀಲಾಯ್ಡ್ ದೊಡ್ಡದಾಗುವುದೂ ಉಂಟು. ಇಷ್ಟೆಲ್ಲ ಇದ್ದ ಮಾತ್ರಕ್ಕೆ ಸರ್ಜರಿ ಮಾಡಿಸಬಾರದು ಅಂತ ಅಲ್ಲ, ಲೆಕ್ಕ ಹಾಕುವಾಗ ಇದೂ ಲೆಕ್ಕಕ್ಕೆ ಬರಬೇಕು.

ಹೊಗೆಸೊಪ್ಪಿನದ್ದೂ ಒಂದು ಮಾತು. ಸಿಗರೇಟು ಸೇದುತ್ತೀರಾ ಅಂತ ಫಾರ್ಮಿನಲ್ಲಿ ಕೇಳುತ್ತಾರೆ, ಹೆಂಗಸರು ಇಲ್ಲ ಅಂತ ಟಿಕ್ ಹಾಕುತ್ತಾರೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ತಿನ್ನುತ್ತೀರಾ ಅಂತ ಯಾರೂ ಕೇಳುವುದಿಲ್ಲ. ನಮ್ಮ ಕಡೆ ತಿನ್ನುವವರು ಕಡಿಮೆಯಾ? ಅದರಲ್ಲೂ ನಿಕೋಟಿನ್ ಇದೆ. ಗಾಯದ ಅಂಚಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ಗೀರುಗಳು ಒಂದಕ್ಕೊಂದು ಸೇರುವ ಮೂಲೆ ಬಿಟ್ಟುಕೊಳ್ಳುತ್ತದೆ. ಹಾಗೆ ಬಾಯಿ ಬಿಟ್ಟು ತಡವಾಗಿ ಕೂಡಿದ ಗಾಯವೇ ದಪ್ಪ ಕಲೆಯಾಗುವುದು.

ಒಬ್ಬಳ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ. ನಮ್ಮ ಕಡೆಯವಳೇ, ದೂರದ ನಗರದಲ್ಲಿ ಕೆಲಸ. ಅಲ್ಲಿಯೇ ಗಾತ್ರ ಕಡಿಮೆ ಮಾಡಿಸಿಕೊಂಡಿದ್ದಳು. ಬೆನ್ನುನೋವು ಹೋಯಿತು, ಅದರಲ್ಲಿ ಅವಳಿಗೆ ಪೂರ್ತಿ ಸಮಾಧಾನ ಇತ್ತು. ಕಲೆ ಉಬ್ಬಿತ್ತು. ಬಲಗಡೆ ಬೆರಳಿನ ದಪ್ಪಕ್ಕೆ, ಎದೆಯ ನಡುವಿನ ಕಡೆಗೆ ಹರಡಿ ಹೊಳೆಯುತ್ತಿತ್ತು. ಚೂಡಿದಾರದ ಶಾಲಿಗೆ ಎರಡು ಕಡೆ ಪಿನ್ನು. "ತುರಿಸ್ತದೆ ಸಿಸ್ಟರ್, ರಾತ್ರಿ ನಿದ್ರೆಯೇ ಇಲ್ಲ, ಬ್ರಾ ಹಾಕಿದ್ರೆ ಉರಿ, ಹಾಕದಿದ್ರೆ ಭಯ" ಅಂದಳು. ಸರ್ಜರಿ ಮಾಡಿದ ಕ್ಲಿನಿಕ್ಕಿಗೆ ಫೋಟೊ ಕಳಿಸಿದ್ದಳಂತೆ, "ಕೆಲವರ ಚರ್ಮವೇ ಹಾಗೆ" ಅಂತ ಉತ್ತರ ಬಂತಂತೆ. ಪಕ್ಕದಲ್ಲಿ ಕೂತ ಅಮ್ಮ ಬೆಂಡೋಲೆ ಹಾಕಿದ್ದರು, ಅದರ ಹಿಂದೆ ಕಿವಿಯಲ್ಲಿ ಕಡಲೆ ಗಾತ್ರದ ಗಂಟು. ಡಾಕ್ಟರು ಮಾತಾಡುತ್ತಾ ಅಮ್ಮನ ಕಿವಿಯನ್ನೇ ನೋಡುತ್ತಿದ್ದರು. ಸರ್ಜರಿಗೆ ಮೊದಲು ಮನೆಯಲ್ಲಿ ಯಾರಿಗಾದರೂ ಹೀಗೆ ಇದೆಯಾ ಅಂತ ಕೇಳಿದ್ದರಾ ಅಂತ ವಿಚಾರಿಸಿದರೆ, ಇಲ್ಲ. ಕೆಲವರ ಚರ್ಮವೇ ಹಾಗೆ ಅಂತ ಆಮೇಲೆ ಹೇಳಲು ಬರುತ್ತದೆ, ಮೊದಲು ಕೇಳಲು ಬರುವುದಿಲ್ಲ.

ಅವಳಿಗೆ ಇಂಜೆಕ್ಷನ್ ಶುರು ಮಾಡಿದರು. ಟ್ರಯಾಮ್‌ಸಿನಲೋನ್ ಅಂತ ಒಂದು ಸ್ಟೆರಾಯ್ಡ್. ಪೌಡರಿನ ಹಾಗೆ ಕೆಳಗೆ ಕೂತಿರುತ್ತದೆ, ಚೆನ್ನಾಗಿ ಅಲುಗಾಡಿಸಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕಲೆ ಎಷ್ಟು ಗಟ್ಟಿ ಇರುತ್ತದೆ ಎಂದರೆ, ಸಿರಿಂಜಿಗೆ ಸೂಜಿಯನ್ನು ತಿರುಗಿಸಿ ಬಿಗಿ ಮಾಡುವ ಬಗೆಯದ್ದೇ ಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಸೂಜಿ ಹಾರಿ ಮದ್ದು ಮುಖಕ್ಕೆ ಚಿಮ್ಮುತ್ತದೆ. ಕಲೆಯ ಹೊಟ್ಟೆಯೊಳಗೇ ಚುಚ್ಚಿ, ಒತ್ತಿ, ಆ ಭಾಗ ಬಿಳಿಚಿಕೊಳ್ಳುವವರೆಗೆ ಬಿಡುತ್ತಾರೆ. ಇನ್ನೊಂದು ಕಡೆ, ಮತ್ತೊಂದು ಕಡೆ, ಹೀಗೆ ಉದ್ದಕ್ಕೂ. ಮರಗಟ್ಟುವ ಮದ್ದು ಸೇರಿಸಿದರೂ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಒಮ್ಮೆಗೆ ಮುಗಿಯುವುದೂ ಇಲ್ಲ. 4ರಿಂದ 6 ವಾರಕ್ಕೊಮ್ಮೆ, ತಿಂಗಳುಗಟ್ಟಲೆ. ಡೋಸು ಒಂದು ಮಿಲಿಲೀಟರಿಗೆ 10ರಿಂದ 40 ಮಿಲಿಗ್ರಾಂವರೆಗೆ, ಕಲೆಯ ದಪ್ಪ ನೋಡಿ ಡಾಕ್ಟರು ತೀರ್ಮಾನ ಮಾಡುವುದು. ಜಾಸ್ತಿಯಾದರೆ ಚರ್ಮ ತೆಳುವಾಗಿ ಗುಳಿ ಬೀಳುತ್ತದೆ, ಬಿಳಿ ಮಚ್ಚೆ ಬರುತ್ತದೆ, ಸಣ್ಣ ರಕ್ತನಾಳ ಕಾಣುತ್ತದೆ. ಮುಟ್ಟು ಹಿಂದೆಮುಂದೆ ಆಗಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರಬಹುದು. ಇವನ್ನು ಮೊದಲೇ ಹೇಳಿದರೆ ಜನ ತಡೆದುಕೊಳ್ಳುತ್ತಾರೆ, ಹೇಳದಿದ್ದರೆ ಎರಡನೇ ಇಂಜೆಕ್ಷನ್ನಿಗೆ ಬರುವುದೇ ಇಲ್ಲ. ತುರಿಕೆ ಮಾತ್ರ ಬೇಗ ಇಳಿಯುತ್ತದೆ. ಅವಳು ಎರಡನೇ ಸಲ ಬಂದಾಗ ಮೊದಲು ಹೇಳಿದ್ದೇ "ನಿದ್ರೆ ಬಂತು ಸಿಸ್ಟರ್" ಅಂತ.

ಸ್ಟೆರಾಯ್ಡ್ ಒಂದೇ ಸಾಲದಿದ್ದರೆ 5-ಫ್ಲೋರೋಯುರಾಸಿಲ್ ಎಂಬ, ಕ್ಯಾನ್ಸರಿಗೂ ಕೊಡುವ ಮದ್ದು ಸೇರಿಸುವುದುಂಟು, ಬಸುರಿಯರಿಗೆ ಅದು ಆಗದು. ಲೇಸರ್ ಇದೆ, ದ್ರವ ಸಾರಜನಕದಿಂದ ತಣ್ಣಗೆ ಸುಡುವುದಿದೆ, ಅದು ನಮ್ಮ ಬಣ್ಣದವರಿಗೆ ಬಿಳಿ ಮಚ್ಚೆ ಬಿಡಬಹುದು. ಇನ್ನು ತುಂಬ ಜನ ಕೇಳುವುದು: "ಕೊಯ್ದು ತೆಗೆದುಬಿಟ್ಟರೆ ಆಗದಾ?" ಕೀಲಾಯ್ಡನ್ನು ಬರೀ ಕೊಯ್ದು ಬಿಟ್ಟರೆ ಅರ್ಧಕ್ಕರ್ಧ ಅಥವಾ ಅದಕ್ಕಿಂತ ಜಾಸ್ತಿ ಜನರಲ್ಲಿ ತಿರುಗಿ ಬರುತ್ತದೆ, ಎಷ್ಟೋ ಸಲ ಮೊದಲಿಗಿಂತ ದೊಡ್ಡದಾಗಿ. ಕೊಯ್ದ ಒಂದೆರಡು ದಿನದೊಳಗೆ ರೇಡಿಯೇಶನ್ ಕೊಟ್ಟರೆ ತಡೆಯಬಹುದು, ಆದರೆ ಪ್ರಾಯದ ಹುಡುಗಿಯ ಸ್ತನದ ಹತ್ತಿರ ರೇಡಿಯೇಶನ್ ಕೊಡಲು ಡಾಕ್ಟರುಗಳು ಹತ್ತು ಸಲ ಯೋಚಿಸುತ್ತಾರೆ, ಯೋಚಿಸಬೇಕು ಕೂಡ. "ಕಲೆ ತಿದ್ದುವ ಸರ್ಜರಿ, ಅರ್ಧ ದರ" ಅಂತ ಯಾರಾದರೂ ಹೇಳಿದರೆ ಮೊದಲು ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿ, ಇದು ಕೀಲಾಯ್ಡಾ ಅಲ್ಲವಾ ಅಂತ ಗೊತ್ತು ಮಾಡಿಕೊಂಡು ಮುಂದೆ ಹೋಗಿ.

ಮನೆಮದ್ದಿನ ವಿಷಯ ಬರೆಯದೆ ಇರಲಾಗುವುದಿಲ್ಲ. ತೆಂಗಿನೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ತೊಂದರೆ ಇಲ್ಲ, ಗಾಯ ಪೂರ್ತಿ ಒಣಗಿದ ಮೇಲೆ. ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚುವವರು ಇದ್ದಾರೆ, ಕೆಲವರಿಗೆ ಅದು ಅಲರ್ಜಿಯಾಗಿ ಬೊಕ್ಕೆ ಏಳುತ್ತದೆ. ಆದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಸುಣ್ಣ, ಇವನ್ನು ಕಲೆಗೆ ಮುಟ್ಟಿಸಬೇಡಿ ಮಾರಾಯ್ರೇ! ನರಹುಲಿ ಸುಡಲು ಅಜ್ಜಂದಿರು ಹಚ್ಚುತ್ತಿದ್ದರು, ಗೊತ್ತು. ಸುಡುತ್ತದೆ ಅನ್ನುವುದೇ ಇಲ್ಲಿ ಸಮಸ್ಯೆ. ಸುಟ್ಟ ಗಾಯದ ಮೇಲೆ ಇನ್ನೊಂದು ಕಲೆ ಉಬ್ಬುತ್ತದೆ, ಅದು ಮೊದಲಿನದ್ದಕ್ಕಿಂತ ಅಗಲ.

ತಡೆಯಲು ಎಂತ ಮಾಡಬಹುದು? ಖಾತ್ರಿ ಕೊಡುವ ಮದ್ದಿಲ್ಲ. ಸಿಲಿಕೋನ್ ಶೀಟ್, ಸಿಲಿಕೋನ್ ಜೆಲ್, ಇವೆರಡೇ ಎಲ್ಲ ಡಾಕ್ಟರುಗಳೂ ಮೊದಲು ಹೇಳುವುದು. ಗಾಯ ಪೂರ್ತಿ ಮುಚ್ಚಿದ ಮೇಲೆ, ಸಾಮಾನ್ಯವಾಗಿ ಎರಡು ವಾರ ಕಳೆದ ನಂತರ, ಶೀಟನ್ನು ದಿನಕ್ಕೆ 12 ಗಂಟೆಗಿಂತ ಕಡಿಮೆ ಆಗದ ಹಾಗೆ ಎರಡು ಮೂರು ತಿಂಗಳು ಅಂಟಿಸಿಕೊಂಡಿರಬೇಕು. ಹೇಳುವುದು ಸುಲಭ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರಿನ ಸೆಕೆಗೆ ಅದು ಅರ್ಧ ಗಂಟೆಯಲ್ಲಿ ಬೆವರಿಗೆ ಜಾರಿ ಬ್ರಾದ ಮೂಲೆಯಲ್ಲಿ ಮುದ್ದೆಯಾಗಿರುತ್ತದೆ. ಮಳೆಗಾಲದಲ್ಲಿ ಅಡಿಯಲ್ಲಿ ಬೆವರುಸಾಲೆ. ದಿನವೂ ಶೀಟನ್ನು ಸೋಪಿನಲ್ಲಿ ತೊಳೆದು, ಚರ್ಮ ಒರೆಸಿ ಒಣಗಿಸಿ, ಪುನಃ ಅಂಟಿಸಬೇಕು. ಹಗಲು ಆಗದಿದ್ದರೆ ಹಗಲಿಗೆ ಜೆಲ್, ರಾತ್ರಿ ಫ್ಯಾನಿನ ಅಡಿಯಲ್ಲಿ ಶೀಟ್, ಹೀಗೆ ಮಾಡಿಕೊಂಡವರು ಇದ್ದಾರೆ. ಶೀಟ್ ಅಗ್ಗದ್ದಲ್ಲ. ಆಗದವರಿಗೆ ಮೆಡಿಕಲ್ ಶಾಪಿನ ಪೇಪರ್ ಟೇಪ್ ಗೀರಿನ ಮೇಲೆ ವಾರಗಟ್ಟಲೆ ಅಂಟಿಸಿಕೊಂಡರೂ ಎಳೆತ ಕಡಿಮೆಯಾಗುತ್ತದೆ. ತಂತಿ ಇರುವ ಬ್ರಾ ಕೆಲವು ತಿಂಗಳು ಬೇಡ, ಅದರ ತಂತಿ ಕೂರುವುದು ಸರಿಯಾಗಿ ಗೀರಿನ ಮೇಲೆಯೇ. ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ಸುಲಿಯುವುದು, ಮಗುವನ್ನು ಸೊಂಟಕ್ಕೆ ಎತ್ತುವುದು, ಇದನ್ನೆಲ್ಲ ಯಾವಾಗ ಶುರು ಮಾಡಬಹುದು ಅಂತ ಕೇಳಿಕೊಳ್ಳಿ. "ಭಾರದ ಕೆಲಸ ಬೇಡ" ಅಂತ ಚೀಟಿಯಲ್ಲಿ ಬರೆದಿರುತ್ತದೆ, ನಮ್ಮ ಮನೆಗಳಲ್ಲಿ ಭಾರದ ಕೆಲಸ ಅಂದರೆ ಯಾವುದು ಅಂತ ಬರೆದವರಿಗೆ ಗೊತ್ತಿರುವುದಿಲ್ಲ.

ಈಗ ನಮ್ಮ ಊರಿನ ಕಥೆಗೆ ಬರುತ್ತೇನೆ. ಕಾಸರಗೋಡಿನವರು ದೊಡ್ಡ ಚಿಕಿತ್ಸೆಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು ಹಿಂದಿನಿಂದಲೂ ಇದ್ದದ್ದೇ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಗಡಿ ಮುಚ್ಚಿದಾಗ ಆಂಬುಲೆನ್ಸುಗಳೂ ತಲಪಾಡಿಯಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದ್ದು, ಕೆಲಸ ವರ್ಷಗಟ್ಟಲೆ ಎಳೆದದ್ದು, ಆ ಪುರಾಣ ನಿಮ್ಮ ಪತ್ರಿಕೆಯಲ್ಲೇ ಸಾಕಷ್ಟು ಬಂದಿದೆ, ನಾನು ಉದ್ದ ಮಾಡುವುದಿಲ್ಲ. ಸೌಂದರ್ಯದ ಸರ್ಜರಿಗೆ ಜನ ಇನ್ನೂ ದೂರ ಹೋಗುತ್ತಾರೆ. ಗುಟ್ಟಾಗಿ ಮಾಡಿಸಬೇಕಲ್ಲ, ಮಂಗಳೂರಿನಲ್ಲಿ ಪರಿಚಯದವರು ಸಿಗುತ್ತಾರೆ ಅಂತ ಕೊಚ್ಚಿ, ಬೆಂಗಳೂರು. ಗಂಡ ಗಲ್ಫಿನಲ್ಲಿದ್ದರೆ ವಿಸಿಟ್ ವೀಸಾದಲ್ಲಿ ಹೋದಾಗ ಅಲ್ಲಿಯೇ. ರಜೆ ಮುಗಿಯುತ್ತದೆ, ಊರಿಗೆ ಬರುತ್ತಾರೆ, ಬಂದ ಮೇಲೆ ಕಲೆ ಏಳುತ್ತದೆ. ಅತ್ತೆಗೆ ಹೇಳುವ ಹಾಗಿಲ್ಲ, ಪುನಃ ಬೆಂಗಳೂರಿಗೆ ಹೋಗಲು ಕಾರಣ ಹುಡುಕಬೇಕು. ಹಾಗೆ ವರ್ಷ ಕಳೆದು, ಕೈಮೀರಿದ ಮೇಲೆ ನಮ್ಮಲ್ಲಿಗೆ ಬರುತ್ತಿದ್ದರು. ಉಬ್ಬಲು ಶುರುವಾದ ಮೊದಲ ವಾರಗಳಲ್ಲಿ ಬಂದರೆ ಕಲೆ ಮೆತ್ತಗಿರುತ್ತದೆ, ಇಂಜೆಕ್ಷನ್ ಕಮ್ಮಿಯಲ್ಲಿ ಮುಗಿಯುತ್ತದೆ.

ಅದಕ್ಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಈ ಇಂಜೆಕ್ಷನ್ ಚರ್ಮದ ಡಾಕ್ಟರುಗಳ ದಿನನಿತ್ಯದ ಕೆಲಸ, ಕಾಸರಗೋಡು ಪೇಟೆಯಲ್ಲಿಯೂ ಆಗುತ್ತದೆ. ಎಲ್ಲಿ ಕೊಯ್ದರು, ಎಂಥ ಹೊಲಿಗೆ ಹಾಕಿದರು, ಇಂಪ್ಲಾಂಟ್ ಇದ್ದರೆ ಯಾವ ಕಂಪನಿಯದ್ದು, ಎಲ್ಲಿ ಕೂತಿದೆ ಅಂತ ಬರೆದ ಡಿಸ್ಚಾರ್ಜ್ ಸಮ್ಮರಿ ಇಸಿದುಕೊಂಡು ಬನ್ನಿ, ಅಷ್ಟು ಸಾಕು. ಗೀರಿನ ಅಡಿಯಲ್ಲೇ ಇಂಪ್ಲಾಂಟ್ ಇದೆ ಅಂತ ಸೂಜಿ ಹಿಡಿದವರಿಗೆ ಗೊತ್ತಿರಬೇಕು. ಇಂಪ್ಲಾಂಟ್ ಸುತ್ತ ಒಳಗೇ ಗಟ್ಟಿ ಪೊರೆ ಕಟ್ಟಿ ಸ್ತನ ಬಿಗಿಯಾಗುವುದು ಬೇರೆ ತೊಂದರೆ, ಅದನ್ನು ಸರ್ಜನ್ ಹತ್ತಿರವೇ ತೋರಿಸಬೇಕು, ಚರ್ಮದ ಇಂಜೆಕ್ಷನ್ನಿಗೆ ಅದು ಬಗ್ಗುವುದಿಲ್ಲ.

ಸಹಿ ಹಾಕುವ ಫಾರ್ಮಿನ ಬಗ್ಗೆ. 2008ರಲ್ಲಿ, ರೋಗಿಯ ಒಪ್ಪಿಗೆ ಇಲ್ಲದೆ ಗರ್ಭಕೋಶ ತೆಗೆದ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಚಿಕಿತ್ಸೆ ಎಂಥದ್ದು, ಅದರ ಲಾಭ ಏನು, ಬೇರೆ ದಾರಿ ಇದೆಯಾ, ದೊಡ್ಡ ಅಪಾಯ ಯಾವುದು ಅಂತ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ತೀರಾ ಅಪರೂಪದ ಅಪಾಯ ಹೇಳಬೇಕಾಗಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಸರಿ, ಕಂದು ಚರ್ಮ, ಇಪ್ಪತ್ತರ ವಯಸ್ಸು, ಎದೆಯ ಮೇಲೆ ಉದ್ದದ ಗೀರು, ಅಮ್ಮನ ಕಿವಿಯಲ್ಲಿ ಗಂಟು. ಇಂಥವಳಿಗೆ ಕಲೆ ಉಬ್ಬುವುದು ಅಪರೂಪದ ಅಪಾಯವಾ? ಫಾರ್ಮಿನಲ್ಲಿ ಹದಿನೈದನೇ ಸಾಲಿನಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಬರೆದಿದ್ದರೆ ಹೇಳಿದ ಹಾಗೆ ಆಯಿತಾ? ನಮ್ಮವರಿಗೆ ಒಂದು ಕಡೆ ಮಲಯಾಳದ ಫಾರ್ಮು, ಇನ್ನೊಂದು ಕಡೆ ಇಂಗ್ಲಿಷಿನದ್ದು. ಓದಿ ಹೇಳಲು ಕನ್ನಡ ಬಲ್ಲ ಒಬ್ಬ ಸಿಸ್ಟರನ್ನು ಕರೆಯಿರಿ ಅಂತ ಕೇಳಿ. ಯಾರಾದರೂ ಇದ್ದೇ ಇರುತ್ತಾರೆ.

ದುಡ್ಡಿನ ಮಾತನ್ನೂ ಮೊದಲೇ ಆಡಿ. ಸೌಂದರ್ಯದ ಸರ್ಜರಿಗೆ ವಿಮೆ ಸಿಗುವುದಿಲ್ಲ, ಬೇರೆ ಚಿಕಿತ್ಸೆಗೆ ಇರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಆಮೇಲಿನ ಕಲೆಯ ಚಿಕಿತ್ಸೆಗೂ ವಿಮೆಯವರು ತಕರಾರು ಮಾಡುತ್ತಾರೆ. ಹಾಗಾಗಿ ಶೀಟು, ಜೆಲ್ಲು, ಬೇಕಾದರೆ ಇಂಜೆಕ್ಷನ್, ಒಂದು ವರ್ಷದ ಭೇಟಿಗಳು, ಇದೆಲ್ಲ ಹೇಳಿದ ದರದ ಒಳಗಾ ಹೊರಗಾ ಅಂತ ಬರೆಸಿಕೊಳ್ಳಿ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಮಾಡಿದವರಾ ಅಂತಲೂ ನೋಡಿ, ಬ್ಯೂಟಿ ಕ್ಲಿನಿಕ್ ಬೋರ್ಡು ಹಾಕಿದವರೆಲ್ಲ ಅದನ್ನು ಓದಿದವರಲ್ಲ.

ಗಂಡುಮಕ್ಕಳು ಇದನ್ನು ಓದಿ ಪುಟ ತಿರುಗಿಸುವುದು ಬೇಡ. ಎದೆ ಉಬ್ಬಿದೆ ಅಂತ ಕಾಲೇಜು ಹುಡುಗರು ಸುಮ್ಮನೆ ಹೋಗಿ ಸರ್ಜರಿ ಮಾಡಿಸಿಕೊಂಡು ಬರುವುದು ಈಗ ಕಡಿಮೆ ಇಲ್ಲ. ಅವರಿಗೂ ಅದೇ ಚರ್ಮ, ಅದೇ ಅಪಾಯ. ಅಂಗಿ ಬಿಚ್ಚಿ ಕ್ರಿಕೆಟ್ ಆಡಬೇಕು, ದೇವಸ್ಥಾನದ ಒಳಗೆ ಹೋಗಬೇಕು ಅಂತ ಮಾಡಿಸಿದ್ದು, ಕಲೆ ಉಬ್ಬಿದ ಮೇಲೆ ಅಂಗಿಯನ್ನೇ ಬಿಚ್ಚುವುದಿಲ್ಲ.

ಸಂಪಾದಕರೇ, ಡಾಕ್ಟರುಗಳು ಜಾಹೀರಾತಿನಿಂದ ರೋಗಿಗಳನ್ನು ಸೆಳೆಯಬಾರದು ಅಂತ 2002ರ ವೈದ್ಯಕೀಯ ನಡತೆಯ ನಿಯಮದಲ್ಲೇ ಇದೆ. ಆಸ್ಪತ್ರೆಯ ಹೆಸರಿನಲ್ಲಿ ಬಂದರೆ ಹೇಗೋ ನಡೆಯುತ್ತದೆ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಕುವುದಾದರೆ ಹಾಕಿ, ಆದರೆ ಮೇಲ್ಗಡೆ ಜಾಹೀರಾತು ಅಂತ ಕಾಣುವ ಹಾಗೆ ಅಚ್ಚು ಮಾಡಿ. ಕಳಿಸಿದವರಿಗೆ ಫೋನ್ ಮಾಡಿ, ಈ ಫೋಟೊ ಸರ್ಜರಿಯಾದ ಎಷ್ಟನೇ ತಿಂಗಳಿನದ್ದು ಅಂತ ಕೇಳಿ, ಉತ್ತರವನ್ನು ಫೋಟೊದ ಅಡಿಯಲ್ಲಿ ಹಾಕಿ. ಕಲೆ ಕೆಲವೇ ವಾರಗಳಲ್ಲಿ ಮಾಯವಾಗುತ್ತದೆ ಅನ್ನುವ ಸಾಲಿಗೆ ತಿದ್ದುಪಡಿ ಬರಬೇಕು. ಅದು ಒಳಪುಟದ ಮೂಲೆಯಲ್ಲಿ ಬೇಡ, ಅದೇ ಪುರವಣಿಯಲ್ಲಿ ಬರಲಿ, ಹೆಂಗಸರು ಓದುವುದು ಅದನ್ನೇ. ನನ್ನ ಹೆಸರು ಹಾಕಬೇಡಿ, ನನ್ನ ಹತ್ತಿರ ಹೇಳಿಕೊಂಡವರಿಗೆ ಮುಜುಗರ ಆಗಬಾರದು.

ಇಂತಿ,
ಒಬ್ಬ ನಿವೃತ್ತ ನರ್ಸ್
ಕುಂಬಳೆ, ಕಾಸರಗೋಡು ಜಿಲ್ಲೆ